ಅಪ್ಪನ ಹೆಸರಿನ ಮನೆ, ಚಿಕ್ಕಪ್ಪ ಕಟ್ಟಿದ ಕಂದಾಯ: ಆ ರಶೀದಿಗೆ ಏನು ಬೆಲೆ?

ತಂತಿರಶೀದಿ (ಮಾರ್ಚ್ 22, ರಾತ್ರಿ 10:40)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮದು ಮೈಸೂರು ಕುವೆಂಪುನಗರದಲ್ಲಿ 30x40 ಸೈಟಿನ ಮನೆ. ಊರಲ್ಲಿ ಬಡಾವಣೆ ಮಾಡಿ ಸೈಟು ಹಂಚುತ್ತಿದ್ದ ಸಿಐಟಿಬಿ ಇದ್ದ ಕಾಲದಲ್ಲಿ ಅಪ್ಪನಿಗೆ ಹಂಚಿಕೆಯಾದ ಸೈಟು. 1986ರಲ್ಲಿ ಕೆಳಗಿನ ಮನೆ ಕಟ್ಟಿಸಿದರು, 1999ರಲ್ಲಿ ಮೇಲೊಂದು. ಕೆಳಗೆ ಅಮ್ಮ ಮತ್ತು ನಾನು ಇದ್ದೇವೆ, ಮೇಲಿನದು ಬಾಡಿಗೆಗೆ. ಸ್ಕೂಟರ್ ನಿಲ್ಲಿಸುತ್ತಿದ್ದ ಗ್ಯಾರೇಜಿಗೆ ಆರು ವರ್ಷದ ಹಿಂದೆ ಷಟರ್ ಹಾಕಿಸಿ ಜೆರಾಕ್ಸ್ ಅಂಗಡಿಯವರಿಗೆ ಕೊಟ್ಟಿದ್ದಾರೆ. ತಮ್ಮ ಬೆಂಗಳೂರಿನಲ್ಲಿದ್ದಾನೆ.

ಅಪ್ಪ ಹೋದ ಆಷಾಢದಲ್ಲಿ ತೀರಿಕೊಂಡರು. ಕಡೆಯ ಮೂರು ವರ್ಷ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಅದಕ್ಕೆ ಮುಂಚೆ ಒಂದು ವರ್ಷವೂ ತಪ್ಪಿಸದೆ ಏಪ್ರಿಲ್ ತಿಂಗಳಲ್ಲೇ ಹೋಗಿ ಕಂದಾಯ ಕಟ್ಟಿ ಬರುತ್ತಿದ್ದರು. ಆ ದಿನ ಇಸ್ತ್ರಿ ಮಾಡಿದ ಶರ್ಟೇ ಆಗಬೇಕು. ಬಂದವರೇ ರಶೀದಿಯನ್ನು ದೇವರಮನೆ ಬಾಗಿಲ ಹಿಂದೆ ನೇತುಹಾಕಿದ್ದ ತಂತಿಗೆ ಚುಚ್ಚುತ್ತಿದ್ದರು. ಕರೆಂಟು ಬಿಲ್ಲು, ವಾಣಿವಿಲಾಸದ ನೀರಿನ ಬಿಲ್ಲು, ಗ್ಯಾಸ್ ಚೀಟಿ, ಕಂದಾಯ, ಎಲ್ಲಕ್ಕೂ ಒಂದೇ ತಂತಿ. ಮೊನ್ನೆ ಅದನ್ನು ಇಳಿಸಿ, ಮಣಿ ಸರದ ಹಾಗೆ ಒಂದೊಂದೇ ಬಿಡಿಸುತ್ತಾ ಕೂತಿದ್ದೆ. ಬುಡದಲ್ಲಿದ್ದವು ಎಣ್ಣೆ ಹೊಗೆಗೆ ಹಪ್ಪಳದ ಬಣ್ಣಕ್ಕೆ ತಿರುಗಿವೆ. ಕೆಲವದರಲ್ಲಂತೂ ತಂತಿ ಚುಚ್ಚಿದ ತೂತು ಸರಿಯಾಗಿ ಮೊತ್ತದ ಮೇಲೇ ಬಿದ್ದಿದೆ.

ತಂತಿಯ ಮೇಲ್ತುದಿಯಲ್ಲಿ ಕಡೆಯ ಮೂರು ವರ್ಷದ್ದು ಇಲ್ಲ. ಅವು ಚಿಕ್ಕಪ್ಪನ ಹತ್ತಿರ ಇವೆ. ಅಪ್ಪನಿಗೆ ಆಗದೆ ಇದ್ದಾಗ ಅವರೇ ಹೋಗಿ ಕಟ್ಟಿದರು, ಅದು ನಿಜ. ವೈಕುಂಠ ಸಮಾರಾಧನೆಯ ದಿನ, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಅಮ್ಮನ ಹತ್ತಿರ ಮೆಲ್ಲಗೆ ಒಂದು ಮಾತು ಹೇಳಿದರು: "ಅತ್ತಿಗೆ, ಮೂರು ವರ್ಷ ಕಂದಾಯ ಕಟ್ಟಿರೋನು ನಾನು. ಖಾತೆ ಮಾಡಿಸುವಾಗ ನನ್ನನ್ನೂ ಒಂದು ಮಾತು ಕೇಳಿ." ಅವತ್ತಿನಿಂದ ಅಮ್ಮನಿಗೆ ನಿದ್ದೆ ಇಲ್ಲ.

ನಾನು ಶಾಲೆಯೊಂದರಲ್ಲಿ ಗುಮಾಸ್ತೆ. ಫೀಸು ರಶೀದಿ ಬರೆದು ಅಭ್ಯಾಸ, ಇದು ಮಾತ್ರ ನಿಜಕ್ಕೂ ಗೊತ್ತಿಲ್ಲ. ಈ ಕಂದಾಯ ಅನ್ನುವುದು ಏನು, ಯಾವ ಲೆಕ್ಕದ ಮೇಲೆ ಹಾಕುತ್ತಾರೆ? ಕಟ್ಟಿದವರಿಗೆ ಮನೆ ಮೇಲೆ ಹಕ್ಕು ಬರುತ್ತಾ? ಇನ್ನೊಂದು, ಅಪ್ಪನ ರಶೀದಿಗಳಲ್ಲಿ ಎಲ್ಲ ಕಡೆ "ವಾಸ" ಅಂತಲೇ ಇದೆ, ಜೆರಾಕ್ಸ್ ಅಂಗಡಿಯ ಸುದ್ದಿಯೇ ಇಲ್ಲ. ಏನು ಮಾಡಲಿ?

ಮಾಜಿಬಿಲ್‌ಕಲೆಕ್ಟರ್ (ಮಾರ್ಚ್ 23, ಬೆಳಿಗ್ಗೆ 6:15)

ನೋಡಮ್ಮ, ನಾನು ಬಿಲ್ ಕಲೆಕ್ಟರ್ ಆಗಿ ಸೇರಿ ಕಂದಾಯ ವಿಭಾಗದಲ್ಲೇ ನಿವೃತ್ತನಾದವನು. ಬೆಳಗಿನ ವಾಕಿಂಗ್ ಬಿಟ್ಟು ಇದನ್ನು ಬರೆಯುತ್ತಿದ್ದೇನೆ, ನಿಧಾನಕ್ಕೆ ಓದು.

ಮೊದಲು ಹೆಸರು ಸರಿ ಮಾಡಿಕೊಳ್ಳೋಣ. ಕಂದಾಯ ಅನ್ನೋದು ಹೊಲ ಗದ್ದೆಯ ಮಾತು. ಅದು ಸರ್ಕಾರಕ್ಕೆ ಹೋಗುತ್ತೆ, ಅದಕ್ಕೆ 1964ರ ಭೂಕಂದಾಯ ಕಾಯ್ದೆ ಇದೆ. ನೀನು ಕಟ್ಟೋದು ಆಸ್ತಿ ತೆರಿಗೆ. ಅದು ಪಾಲಿಕೆಗೆ ಹೋಗುತ್ತೆ, 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಪ್ರಕಾರ. ನಮ್ಮ ಮೈಸೂರಲ್ಲಿ ಎರಡಕ್ಕೂ ಕಂದಾಯ ಅಂತಲೇ ಬಾಯಿ ಪಾಠ, ನಾನೂ ಹಾಗೇ ಅನ್ನೋದು. ಆದರೆ ಹಳ್ಳಿಯಲ್ಲಿ ಕಂದಾಯದ ರಶೀದಿಗೆ ಇದ್ದ ಗತ್ತು ಈ ಮಾತಿನ ಜೊತೆ ಪಟ್ಟಣಕ್ಕೂ ಬಂದುಬಿಟ್ಟಿದೆ. ನಿಮ್ಮ ಚಿಕ್ಕಪ್ಪನ ತಲೆಯಲ್ಲಿ ಇರೋದು ಅದೇ.

ಈಗ ಲೆಕ್ಕ. ನಾನು ಕೆಲಸಕ್ಕೆ ಸೇರಿದಾಗ ಇದ್ದದ್ದು ವಾರ್ಷಿಕ ಬಾಡಿಗೆ ಮೌಲ್ಯ. ಅಂದರೆ ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದು ಅಂತ ನಮ್ಮವರು ಅಂದಾಜು ಮಾಡೋದು, ಅದರ ಮೇಲೆ ತೆರಿಗೆ. ಅಂದಾಜು ಅಂದಮೇಲೆ ಜಗಳ ಇದ್ದೇ ಇರುತ್ತೆ. ನಾವು ಬೀದಿಗೆ ಕಾಲಿಟ್ಟರೆ ಸಾಕು, ಬಾಡಿಗೆದಾರರೆಲ್ಲ ನೆಂಟರಾಗಿಬಿಡೋರು. "ಇವನು ನಮ್ಮ ಸೋದರಳಿಯ, ಓದೋಕೆ ಬಂದಿದ್ದಾನೆ." ಒಂದೇ ಬೀದಿಯಲ್ಲಿ ಹನ್ನೊಂದು ಸೋದರಳಿಯಂದಿರನ್ನು ಬರಕೊಂಡಿದ್ದೇನೆ, ಒಬ್ಬನಿಗೆ ತಲೆ ಪೂರ್ತಿ ನರೆತಿತ್ತು.

2002ರ ಸುಮಾರಿಗೆ ಅದನ್ನೆಲ್ಲ ತೆಗೆದು ಸ್ವಯಂ ಘೋಷಣೆ ತಂದರು. ನಿನ್ನ ತಂತಿಯಲ್ಲಿ ಒಂದು ಕಡೆಯಿಂದ ಈಚೆಗೆ ಕಾಗದದ ಅಳತೆ ದೊಡ್ಡದಾಗಿರಬೇಕು, ಚೌಕ ಚೌಕ ಹಾಕಿರೋ ಫಾರಂ ಬಂದಿರಬೇಕು, ನೋಡು. ಅಲ್ಲಿಂದ ಲೆಕ್ಕ ಬಾಡಿಗೆ ಮೇಲಲ್ಲ, ಆಸ್ತಿಯ ಬಂಡವಾಳ ಮೌಲ್ಯದ ಮೇಲೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾರ್ಗಸೂಚಿ ಬೆಲೆ ಅಂತ ಇರುತ್ತಲ್ಲ, ಮುದ್ರಾಂಕ ಕಾಯ್ದೆಯ 45ಬಿ ಪ್ರಕಾರ ಬಡಾವಣೆವಾರು ನಿಗದಿ ಮಾಡೋದು, ಅದೇ ಬುನಾದಿ. ಪೂರ್ತಿ ಬೆಲೆ ಹಿಡಿಯಲ್ಲ, ಅದರಲ್ಲಿ ಒಂದು ಪಾಲನ್ನಷ್ಟೇ. ಕಟ್ಟಡ ಎಷ್ಟು ಚದರ, ಯಾವ ಥರದ್ದು, ಎಷ್ಟು ಹಳೇದು, ಯಾವುದಕ್ಕೆ ಬಳಕೆ ಅನ್ನೋದನ್ನೂ ಅದರ ಜೊತೆಗೆ ನೀನೇ ಬರೆದುಕೊಡಬೇಕು. ಬಂದ ಮೌಲ್ಯಕ್ಕೆ ಪಾಲಿಕೆಯ ದರ. ವಾಸಕ್ಕೆ ಒಂದು, ವಾಣಿಜ್ಯಕ್ಕೆ ಅದಕ್ಕಿಂತ ಜಾಸ್ತಿ, ಖಾಲಿ ಸೈಟಿಗೆ ಬೇರೆ. ಬೆಂಗಳೂರಿನ ಲೆಕ್ಕ ಇದಲ್ಲ. ಅಲ್ಲಿ 2008ರಿಂದ ಚದರಡಿಗೆ ಇಷ್ಟು ಅಂತ ವಲಯವಾರು ದರ. ನಿನ್ನ ತಮ್ಮ ಅಲ್ಲಿಯ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕಿ ಕಳಿಸಿದರೆ ನಂಬಬೇಡ.

ತೆರಿಗೆಯ ಬೆನ್ನಿಗೆ ಸೆಸ್ಸುಗಳು, ಅಂದರೆ ಒಂದೊಂದು ಬಾಬ್ತಿಗೆ ಅಂತ ಸೇರಿಸೋ ಮೇಲ್ತೆರಿಗೆಗಳು ಬರುತ್ತವೆ. ಒಂದು ಉದಾಹರಣೆಗೆ ಮೂಲ ತೆರಿಗೆ 5,000 ಅಂತ ಇಟ್ಟುಕೋ. ಆರೋಗ್ಯ ಸೆಸ್ಸು ನೂರಕ್ಕೆ 15, ಅಂದರೆ 750. ಗ್ರಂಥಾಲಯದ್ದು ನೂರಕ್ಕೆ 6, ಅದು 300. ಭಿಕ್ಷುಕರದ್ದು ನೂರಕ್ಕೆ 3, ಅದು 150. ಅಲ್ಲಿಗೆ 1,200 ಸೇರಿ 6,200 ಆಯ್ತು. ಸಾರಿಗೆ ಸೆಸ್ಸು, ಕಸದ ಶುಲ್ಕ ಇನ್ನೂ ಇವೆ. ಈ ಸೆಸ್ಸು ಪಾಲಿಕೆಯ ಸ್ವಂತ ದುಡ್ಡಲ್ಲ, ವಸೂಲಿ ಮಾಡಿ ಆಯಾ ಬಾಬ್ತಿಗೆ ಕೊಡಬೇಕು. ಗ್ರಂಥಾಲಯದ್ದು 1965ರ ಕಾಯ್ದೆ, ಭಿಕ್ಷುಕರದ್ದು 1975ರದ್ದು. ಜನ ಕೌಂಟರಿನಲ್ಲಿ ಈ ಭಿಕ್ಷುಕರ ಸೆಸ್ಸನ್ನು ಓದಿ ನಗೋರು. "ಇಷ್ಟೆಲ್ಲ ಕಟ್ಟಿದ ಮೇಲೆ ನಾನೇ ಆ ಲಿಸ್ಟಿಗೆ ಸೇರ್ತೀನಿ ಸ್ವಾಮಿ" ಅಂತ. ಮೂವತ್ತು ವರ್ಷ ಇದೇ ಜೋಕು ಕೇಳಿದ್ದೇನೆ, ಪ್ರತಿ ಸಲವೂ ನಕ್ಕಿದ್ದೇನೆ.

ನಿಮ್ಮಪ್ಪ ಇಸ್ತ್ರಿ ಶರ್ಟಿನಲ್ಲಿ ಏಪ್ರಿಲ್‌ನಲ್ಲೇ ಹೋಗುತ್ತಿದ್ದದ್ದಕ್ಕೆ ಕಾರಣ ಇದೆ. ವರ್ಷದ ತೆರಿಗೆ ಪೂರ್ತಿ ಏಪ್ರಿಲ್‌ನಲ್ಲೇ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ನೂರಕ್ಕೆ 2ರ ಹಾಗೆ ದಂಡ. ತಿಂಗಳಿಗೆ ಎರಡು ಅಂದರೆ ಕಿವಿಗೆ ಸಣ್ಣದಾಗಿ ಕೇಳುತ್ತೆ, ವರ್ಷಕ್ಕೆ ಇಪ್ಪತ್ತನಾಲ್ಕು ಆಯ್ತು.

ಈಗ ಅಮ್ಮನ ನಿದ್ದೆ ವಿಷಯ. ಕೌಂಟರಿನಲ್ಲಿ ಕೂತವನು ಯಾರ ಖಾತೆ ಅಂತ ನೋಡ್ತಾನೆ, ಯಾರ ಜೇಬು ಅಂತ ನೋಡಲ್ಲ. ನಾನೇ ಎಷ್ಟೋ ಸಲ ಅಕ್ಕಪಕ್ಕದವರ ಕೈಲಿ, ಬಾಡಿಗೆದಾರರ ಕೈಲಿ, ಒಂದು ಸಲ ಹಾಲಿನವನ ಕೈಲಿ ದುಡ್ಡು ಇಸಕೊಂಡು ಯಜಮಾನರ ಹೆಸರಿಗೆ ರಶೀದಿ ಹರಿದುಕೊಟ್ಟಿದ್ದೇನೆ. ಹಾಲಿನವನಿಗೆ ಮನೆ ಹೋಗಲಿಲ್ಲ. ಚಿಕ್ಕಪ್ಪನ ಹತ್ತಿರ ಇರೋ ರಶೀದಿಯ ಮೇಲೂ ನಿಮ್ಮಪ್ಪನ ಹೆಸರೇ ಇರುತ್ತೆ. ಖಾತೆ ಅನ್ನೋದೇ ತೆರಿಗೆ ಯಾರಿಂದ ವಸೂಲು ಮಾಡಬೇಕು ಅನ್ನೋ ಪಾಲಿಕೆಯ ಲೆಕ್ಕದ ಪುಸ್ತಕ. ಅದರಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬರಲ್ಲ ಅಂತ ಸುಪ್ರೀಂ ಕೋರ್ಟು ಎಷ್ಟೋ ಸಲ ಹೇಳಿದೆ. ಖಾತೆಗೇ ಆ ಗತಿ ಅಂದಮೇಲೆ ರಶೀದಿ ಎಲ್ಲಿಂದ ಬಂತು? ಸ್ವಾಧೀನದಲ್ಲಿ ಇದ್ದೀವಿ ಅನ್ನೋದಕ್ಕೆ ಬೇರೆ ದಾಖಲೆಗಳ ಜೊತೆ ಒಂದು ಪುಷ್ಟಿ, ಅಷ್ಟೇ. ಮೂಲ ಅಂದರೆ ಸಿಐಟಿಬಿಯ ಹಂಚಿಕೆ ಪತ್ರ, ಕ್ರಯಪತ್ರ. ಅವು ತಂತಿಯಲ್ಲಿ ಇರಲ್ಲ, ಬೀರುವಿನಲ್ಲಿ ನೋಡು. ಸಿಐಟಿಬಿ 1903ರಲ್ಲಿ ಶುರುವಾದದ್ದು, 1988ರಲ್ಲಿ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಆಯ್ತು. ಹೆಸರು ಬದಲಾಯ್ತು ಅಂತ ಹಳೇ ಪತ್ರದ ತೂಕ ಇಳಿಯಲ್ಲ.

ಗ್ಯಾರೇಜು: ಆ ಭಾಗವನ್ನು ಅಳೆದು ವಾಣಿಜ್ಯ ಅಂತ ಈ ವರ್ಷದ ಘೋಷಣೆಯಲ್ಲಿ ತೋರಿಸು. ಇಡೀ ಮನೆಗೆ ವಾಣಿಜ್ಯ ದರ ಬೀಳಲ್ಲ, ಆ ಚದರಕ್ಕೆ ಮಾತ್ರ. ಹಿಂದಿನ ವರ್ಷದ ವ್ಯತ್ಯಾಸವನ್ನು ದಂಡ ಸೇರಿಸಿ ಕೇಳುವ ಅಧಿಕಾರ ಅವರಿಗಿದೆ. ಅವರಾಗಿ ಅಳತೆಗೆ ಬಂದು ಹಿಡಿಯೋದಕ್ಕೂ ನೀನಾಗಿ ಬರೆದುಕೊಡೋದಕ್ಕೂ ಕೌಂಟರಿನ ಈಚೆ ಕೂತಿದ್ದವನಿಗೆ ಬಹಳ ವ್ಯತ್ಯಾಸ ಕಾಣುತ್ತೆ. ಇನ್ನೊಂದು ಮಾತು, ವಾಣಿಜ್ಯ ದರ ಕಟ್ಟಿದ ಮಾತ್ರಕ್ಕೆ ಅಂಗಡಿ ಸಕ್ರಮ ಆಗಲ್ಲ. ಅಂಗಡಿಯವರು ಉದ್ದಿಮೆ ಪರವಾನಗಿ ಮಾಡಿಸಿದ್ದಾರಾ ಕೇಳು.

ಗುಂಡಿರಸ್ತೆ (ಮಾರ್ಚ್ 23, ಬೆಳಿಗ್ಗೆ 9:02)

ಸರ್, ನಿಮ್ಮ ವಿವರಣೆ ಚೆನ್ನಾಗಿದೆ. ಆದರೆ ನಮ್ಮ ಮನೆ ಮುಂದಿನ ಗುಂಡಿಗೆ ಈಗ ನಾಲ್ಕನೇ ಹುಟ್ಟುಹಬ್ಬ. ರಸ್ತೆ ಮಾಡದೇ ಇದ್ದರೆ ತೆರಿಗೆ ಯಾಕೆ ಕಟ್ಟಬೇಕು? ಕಟ್ಟಲ್ಲ ಅಂತ ಕೂತರೆ?

ಮಾಜಿಬಿಲ್‌ಕಲೆಕ್ಟರ್ (ಮಾರ್ಚ್ 23, ಬೆಳಿಗ್ಗೆ 9:30)

ಕೂತರೆ ಗುಂಡಿಯ ಜೊತೆ ಬಾಕಿಯೂ ಬೆಳೆಯುತ್ತೆ ಸ್ವಾಮಿ. ನೀರಿನ ಬಿಲ್ಲು ಶುಲ್ಕ, ಬಳಸಿದ್ದಕ್ಕೆ ಕೊಡೋದು. ಇದು ತೆರಿಗೆ, ಇಷ್ಟು ಕೊಟ್ಟರೆ ಇಂಥದ್ದು ಅನ್ನೋ ವ್ಯಾಪಾರ ಇಲ್ಲಿಲ್ಲ. ಸಂವಿಧಾನದಲ್ಲಿ ಭೂಮಿ ಮತ್ತು ಕಟ್ಟಡದ ಮೇಲಿನ ತೆರಿಗೆ ರಾಜ್ಯ ಪಟ್ಟಿಯ 49ನೇ ಬಾಬ್ತು. ರಾಜ್ಯ ಅದನ್ನು ಪಾಲಿಕೆ, ಪಂಚಾಯಿತಿಗಳಿಗೆ ವಸೂಲಿಗೆ ಬಿಟ್ಟಿದೆ. ಬಾಕಿ ಅನ್ನೋದು ಮನುಷ್ಯನಿಗಲ್ಲ, ಆಸ್ತಿಗೇ ಅಂಟಿಕೊಳ್ಳುತ್ತೆ. ನೀವು ಮಾರಿದರೆ ಕೊಂಡವನ ತಲೆಗೆ, ನೀವು ಹೋದರೆ ಮಕ್ಕಳ ತಲೆಗೆ.

ಹಾಗಂತ ಗುಂಡಿ ಬಗ್ಗೆ ಸುಮ್ಮನಿರಿ ಅನ್ನಲ್ಲ. ತೆರಿಗೆ ಕಟ್ಟಿದ ರಶೀದಿ ಸಂಖ್ಯೆ ಹಾಕಿ ದೂರು ಬರೆಯಿರಿ. ಬಾಕಿ ಇಟ್ಟುಕೊಂಡವರ ಅರ್ಜಿ ನನ್ನ ಮೇಜಿಗೆ ಬಂದಾಗ ನಾನು ಮೊದಲು ತೆಗೀತಾ ಇದ್ದದ್ದು ಬಾಕಿ ಪುಸ್ತಕ. ಇದು ತಪ್ಪೇ, ಆದರೂ ನಿಜ ಹೇಳಿದ್ದೇನೆ.

ಗುಂಡಿರಸ್ತೆ (ಮಾರ್ಚ್ 23, ಬೆಳಿಗ್ಗೆ 9:41)

ಅಶೋಕಪುರಂನಲ್ಲಿ ಅಷ್ಟು ದೊಡ್ಡ ರೈಲ್ವೆ ವರ್ಕ್‌ಶಾಪ್ ಇದೆಯಲ್ಲ, ಅವರೂ ಕಟ್ಟುತ್ತಾರಾ?

ಮಾಜಿಬಿಲ್‌ಕಲೆಕ್ಟರ್ (ಮಾರ್ಚ್ 23, ಬೆಳಿಗ್ಗೆ 9:55)

ತೆರಿಗೆ ಅಂತ ಇಲ್ಲ. ಕೇಂದ್ರ ಸರ್ಕಾರದ ಸ್ವತ್ತಿಗೆ ಸಂವಿಧಾನದ 285ನೇ ವಿಧಿಯ ಕೊಡೆ ಇದೆ. ರೈಲ್ವೆ, ಅಂಚೆ ಕಚೇರಿ ಎಲ್ಲ ಅದರ ಕೆಳಗೆ. ದೀಪ, ಚರಂಡಿ ಅಂತ ಸೇವಾ ಶುಲ್ಕ ಕೇಳಬಹುದು, ಅಷ್ಟೇ. ನಿಮಗೆ ಆ ಕೊಡೆ ಇಲ್ಲ, ಏಪ್ರಿಲ್ ಒಳಗೆ ಕಟ್ಟಿಬಿಡಿ.

ಬೆಲ್ಲದಚ್ಚು (ಮಾರ್ಚ್ 23, ಮಧ್ಯಾಹ್ನ 1:20)

ಅಕ್ಕ, ನಂದೂ ಒಂದ್ ಕತೆ ಕೇಳಿ, ರಶೀದಿ ಅಂದ್ರೆ ಏನು ಅಂತ ನನಗಿಂತ ಚೆನ್ನಾಗಿ ಯಾರ್ಗೂ ಗೊತ್ತಿಲ್ಲ.

ನಮ್ಮದು ಮಂಡ್ಯ ಪಕ್ಕ. ಒಂದ್ ವರ್ಷ ಕಬ್ಬು ಚೆನ್ನಾಗ್ ಆಗಿ ಕಾರ್ಖಾನೆ ದುಡ್ಡು ಒಟ್ಟಿಗೆ ಬಂತು. ಕೈಲಿದ್ರೆ ಕರಗೋಯ್ತದೆ ಅಂತ ನಮ್ಮಪ್ಪ ಹೈವೇಗೆ ಒಂದ್ ಕೂಗಳತೆ ದೂರದಲ್ಲಿ ಸೈಟ್ ತಗೊಂಡ್ರು. ಲೇಔಟ್ ಮಾಡಿದವನು ಕಲ್ಲು ನೆಟ್ಟು, ಜಲ್ಲಿ ಹಾಕಿ, ಬಣ್ಣದ ಆರ್ಚು ಎಲ್ಲ ನಿಲ್ಸಿದ್ದ. ಪಂಚಾಯ್ತೀಲಿ ಎಂಟು ವರ್ಷ ಕಂದಾಯ ಕಟ್ಟಿವಿ. ಒಂದೊಂದು ರಶೀದೀನೂ ಲ್ಯಾಮಿನೇಷನ್ ಮಾಡ್ಸಿ ಇಟ್ಟಿದ್ರು ನಮ್ಮಪ್ಪ. ನೀವು ತಂತಿ, ನಾವು ಲ್ಯಾಮಿನೇಷನ್.

ಹೋದ್ವರ್ಷ ನನ್ ತಂಗಿ ಮದ್ವೆಗೆ ಅಂತ ಮಾರಾಕೆ ಹೋದ್ರೆ, ನೋಂದಣಿಗೆ ಇ-ಸ್ವತ್ತು, ಅದೇ ಪಂಚಾಯ್ತಿ ಆಸ್ತಿಯ ಕಂಪ್ಯೂಟರ್ ದಾಖಲೆ, ಬೇಕು ಅಂದ್ರು. ಇ-ಸ್ವತ್ತು ಕೇಳಕ್ ಹೋದ್ರೆ, ಜಮೀನು ಭೂ ಪರಿವರ್ತನೆನೇ ಆಗಿಲ್ಲ, ಲೇಔಟಿಗೆ ಅನುಮೋದನೆ ಇಲ್ಲ, ನಿಮಗೆ ಸಕ್ರಮ ಸೈಟಿಗೆ ಕೊಡೋ ನಮೂನೆ 9 ಬರಲ್ಲ, ಹಂಗಲ್ದೇ ಇರೋದಕ್ಕೆ ಕೊಡೋ 11ಬಿ ಅಷ್ಟೇ ಅಂದ್ರು. ಲೇಔಟ್ ಮಾಡಿದವನ ಫೋನು ಸ್ವಿಚ್ಚಾಫು. ಎಂಟು ಲ್ಯಾಮಿನೇಷನ್ನೂ ಮೇಜಿನ ಮೇಲೆ ಹರಡ್ಬುಟ್ಟು, "ಎಂಟು ವರ್ಷ ನೀವೇ ತಗಂಡಿದ್ದೀರಲ್ಲ ಸಾರ್" ಅಂದೆ. "ತಗಂಡಿದ್ದು ನಿಜ ಕಣಪ್ಪ. ತೆರಿಗೆ ತಗೊಳ್ಳದು ಬೇರೆ, ಸಕ್ರಮ ಮಾಡದು ಬೇರೆ" ಅಂದ್ರು. ಆ ಮನ್ಸ ಒಳ್ಳೆವ್ನೇ, ಸುಳ್ಳೇಳ್ಲಿಲ್ಲ. ಕೇಳಿಸ್ಕಳ್ಳಕ್ಕೆ ನಂಗೆ ಎಂಟು ವರ್ಷ ತಡ ಆಗಿತ್ತು.

ಸೈಟ್ ತಗಳೋರಿಗೆ ಒಂದ್ ಮಾತು. ಕಂದಾಯದ ರಶೀದಿ ತೋರ್ಸಿ "ಎಲ್ಲಾ ಕ್ಲಿಯರ್" ಅಂದ್ರೆ ಕಾಫಿ ಕುಡ್ದು ಎದ್ದ್ ಬನ್ನಿ. ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ನಮೂನೆ 9 ಮತ್ತೆ ಅದ್ರ ಜೊತೆ ಕೊಡೋ 11ಎ, ಆಸ್ತಿ ಮೇಲೆ ಸಾಲ ಗೀಲ ಇದ್ಯಾ ಅಂತ ತೋರ್ಸೋ ಋಣಭಾರ ಪತ್ರ, ಇಷ್ಟೂ ನೋಡದ್ಮೇಲೇ ಮುಂದಿನ ಮಾತು.

ತಂತಿರಶೀದಿ (ಮಾರ್ಚ್ 23, ಸಂಜೆ 7:10)

ಬೆಲ್ಲದಚ್ಚು ಅವರೇ, ತಂಗಿ ಮದುವೆ ಏನಾಯಿತು?

ಬೆಲ್ಲದಚ್ಚು (ಮಾರ್ಚ್ 23, ಸಂಜೆ 7:25)

ಆಯ್ತಕ್ಕ, ಸೊಸೈಟೀಲಿ ಸಾಲ ಎತ್ತಿ ಜಾಂ ಅಂತ ಮಾಡುದ್ವಿ. ಸೈಟ್ ಅಲ್ಲೇ ಅದೆ. ಆರ್ಚು ಮಾತ್ರ ಗಾಳಿಗೆ ಬಿದ್ದೋಯ್ತು.

ಜಮಾಖರ್ಚು (ಮಾರ್ಚ್ 23, ರಾತ್ರಿ 9:45)

ಮೇಡಂ, ನಾನು ಸರಸ್ವತಿಪುರಂನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಎರಡು ವಿಷಯ ಯಾರೂ ಎತ್ತಿಲ್ಲ.

ಮೊದಲನೆಯದು ಪ್ರಶ್ನೆ: ನಿಮ್ಮ ತಂದೆ ತೀರಿಕೊಂಡ ದಿನ ಅವರ ತಾಯಿ, ಅಂದರೆ ನಿಮ್ಮ ಅಜ್ಜಿ, ಇದ್ದರೇ? ಯಾಕೆ ಕೇಳಿದೆ ಅಂದರೆ, ಸೈಟು ತಂದೆಯವರ ಸ್ವಯಾರ್ಜಿತ, ಉಯಿಲು ಬರೆದಿಲ್ಲ ಅಂತಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಮೊದಲ ದರ್ಜೆಯ ವಾರಸುದಾರರು ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು, ತಾಯಿ. ಎಲ್ಲರಿಗೂ ಸಮಪಾಲು, ಮದುವೆಯಾದ ಮಗಳಿಗೂ. ಅಣ್ಣತಮ್ಮಂದಿರು ಎರಡನೇ ದರ್ಜೆ, ಮೊದಲ ದರ್ಜೆಯಲ್ಲಿ ಒಬ್ಬರಿದ್ದರೂ ಅವರ ಸರದಿ ಬರುವುದಿಲ್ಲ. ಅಜ್ಜಿ ಆಗ ಇದ್ದಿದ್ದರೆ ಮಾತ್ರ ಅವರ ಪಾಲಿನ ಮೂಲಕ ಚಿಕ್ಕಪ್ಪನ ಮಾತಿಗೆ ಒಂದು ದಾರಿ ಇರುತ್ತಿತ್ತು. ಕಂದಾಯ ಕಟ್ಟಿದ್ದರಿಂದ ಅಲ್ಲ. ಅವರು ಕೈಯಿಂದ ಹಾಕಿದ ದುಡ್ಡನ್ನು ವಾಪಸ್ ಕೇಳಬಹುದು, ಅದು ನ್ಯಾಯವೇ.

ಎರಡನೆಯದು ಬಾಡಿಗೆ. ಮೇಲಿನ ಮನೆಗೆ ತಿಂಗಳಿಗೆ 12,000, ಗ್ಯಾರೇಜಿಗೆ 6,000 ಅಂತ ಸುಮ್ಮನೆ ಹಿಡಿಯೋಣ. ವರ್ಷಕ್ಕೆ 2,16,000 ಆಯಿತು. ಬಾಡಿಗೆ ಕೊಟ್ಟ ಭಾಗಕ್ಕೆ ಸೇರಿದ ಆಸ್ತಿ ತೆರಿಗೆಯನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಬಹುದು. ಅದು 6,000 ಅಂದರೆ ಉಳಿದದ್ದು 2,10,000. ಅದರಲ್ಲಿ ನೂರಕ್ಕೆ 30 ರಿಪೇರಿ ಗಿಪೇರಿ ಅಂತ ಕಾನೂನೇ ಬಿಡುತ್ತದೆ, 63,000. ಉಳಿದ 1,47,000ವನ್ನು ಅಮ್ಮ, ನೀವು, ತಮ್ಮ ಮೂರು ಪಾಲು ಮಾಡಿದರೆ ತಲೆಗೆ 49,000. ನೀವು ವಾಸವಿರುವ ಕೆಳಮನೆಯ ತೆರಿಗೆಗೆ ಈ ಕಡಿತ ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ತೆರಿಗೆಯನ್ನು ಮಾಲೀಕರೇ ಭರಿಸಿರಬೇಕು, ಆ ವರ್ಷದೊಳಗೆ ನಿಜವಾಗಿ ಕಟ್ಟಿರಬೇಕು. ಹಳೇ ಬಾಕಿಯನ್ನು ಈ ವರ್ಷ ಕಟ್ಟಿದರೆ ಈ ವರ್ಷವೇ ಕಳೆಯಬಹುದು. ಆದರೆ ಚಿಕ್ಕಪ್ಪ ತಮ್ಮ ದುಡ್ಡಲ್ಲಿ ಕಟ್ಟಿದ್ದರೆ ಆ ರಶೀದಿ ತೋರಿಸಿ ನಿಮ್ಮ ತಂದೆಯ ಲೆಕ್ಕದಲ್ಲಿ ಕಡಿತ ಕೇಳುವ ಹಾಗಿರಲಿಲ್ಲ. ಅಂದರೆ ಆ ಮೂರು ರಶೀದಿಯಿಂದ ಅವರಿಗೆ ಮನೆ ಬರುವುದಿಲ್ಲ, ನಿಮಗೆ ಕಡಿತವೂ ಬರುವುದಿಲ್ಲ.

ತಂತಿರಶೀದಿ (ಮಾರ್ಚ್ 24, ಬೆಳಿಗ್ಗೆ 7:50)

ಅಜ್ಜಿ 2011ರಲ್ಲೇ ಹೋದರು ಸರ್. ಉಯಿಲು ಇಲ್ಲ. ನಿಮ್ಮ ಉತ್ತರವನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಎರಡನೇ ಸಲ ಮುಗಿಯುವ ಹೊತ್ತಿಗೆ ಎದ್ದು ಹೋಗಿ ಉಪ್ಪಿಟ್ಟಿಗೆ ರವೆ ಹುರಿಯಲು ಶುರು ಮಾಡಿದರು.

ಬೀರುವಿನಲ್ಲಿ ಹಂಚಿಕೆ ಪತ್ರ ಸಿಕ್ಕಿತು. ಅಪ್ಪನ ಮದುವೆ ಪಂಚೆಯ ಮಡಿಕೆಯೊಳಗೆ ಇತ್ತು, ನುಸಿಗುಳಿಗೆ ವಾಸನೆ. ಕ್ರಯಪತ್ರವೂ ಇದೆ. ಬಿಲ್ ಕಲೆಕ್ಟರ್ ಸರ್, ನೀವು ಹೇಳಿದ ಹಾಗೆ 2002ರಿಂದ ಈಚೆಗೆ ಕಾಗದ ದೊಡ್ಡದಾಗಿದೆ, ಅಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ತಂತಿಗೆ ಹಾಕಿದ್ದಾರೆ. ಖಾತೆಗೆ ಏನೇನು ಕೊಡಬೇಕು ಹೇಳಿಬಿಡಿ.

ಮಾಜಿಬಿಲ್‌ಕಲೆಕ್ಟರ್ (ಮಾರ್ಚ್ 24, ಬೆಳಿಗ್ಗೆ 8:30)

ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮೂಲ ಪತ್ರಗಳ ನಕಲು, ಋಣಭಾರ ಪತ್ರ, ಮೂವರ ಆಧಾರ್, ಅಲ್ಲೀವರೆಗೆ ತೆರಿಗೆ ಕಟ್ಟಿದ ರಶೀದಿ. ಮೂವರ ಹೆಸರಿಗೂ ಜಂಟಿಯಾಗಿ ಹಾಕಿಸಿ. ಅಮ್ಮ ಒಬ್ಬರ ಹೆಸರಿಗೇ ಅಂತಾದರೆ ನೀವಿಬ್ಬರೂ ಒಪ್ಪಿಗೆ ಬರೆದುಕೊಡಬೇಕಾಗುತ್ತೆ, ತಮ್ಮ ಇದ್ದಾಗ ಕೂತು ಮಾತಾಡಿ. ಮೊದಲು ತೆರಿಗೆ, ಆಮೇಲೆ ಅರ್ಜಿ, ಈ ಕ್ರಮ ಬಿಡಬೇಡ. ಹೆಸರು ಬದಲಾಗೋ ತನಕ ಅಪ್ಪನ ಹೆಸರಿನಲ್ಲೇ ಕಟ್ಟಬಹುದು. ಹಾಗೇ ಇ-ಖಾತೆಯನ್ನೂ ಮಾಡಿಸಿಕೊಂಡುಬಿಡು, ಈಗ ಅದಿಲ್ಲದೆ ನೋಂದಣಿ ನಡೆಯಲ್ಲ.

ರಶೀದಿಗೆ ಚಿಕ್ಕಪ್ಪನ ಹತ್ತಿರ ಹೋಗಿ ಬೇಡಬೇಡ. ನಿಮ್ಮ ಆಸ್ತಿ ಸಂಖ್ಯೆ ಹಾಕಿದರೆ ಯಾವ ವರ್ಷ ಎಷ್ಟು ಕಟ್ಟಿದೆ ಅಂತ ವಲಯ ಕಚೇರಿಯಲ್ಲೇ ಕಾಣುತ್ತೆ.

ತಂತಿರಶೀದಿ (ಏಪ್ರಿಲ್ 11, ರಾತ್ರಿ 9:05)

ಆದದ್ದನ್ನು ಹೇಳಿಬಿಡುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಮೊದಲು ಗ್ಯಾರೇಜು ಅಳೆದೆವು. ಟೇಪಿನ ಒಂದು ತುದಿ ನಾನು, ಇನ್ನೊಂದು ಜೆರಾಕ್ಸ್ ಅಂಗಡಿಯ ಹುಡುಗ. ಹತ್ತಕ್ಕೆ ಹದಿನೈದು ಅಡಿ, ನೂರೈವತ್ತು ಚದರಡಿ. ಹುಡುಗ ಅಳೆಯುತ್ತಾ "ಬಾಡಿಗೆ ಜಾಸ್ತಿ ಮಾಡ್ತೀರಾ ಅಕ್ಕ?" ಅಂತ ಮುಖ ಸಣ್ಣ ಮಾಡಿದ. ಪರವಾನಗಿ ಕೇಳಿದ್ದಕ್ಕೆ ಗೋಡೆ ತೋರಿಸಿದ, ಫ್ರೇಮು ಹಾಕಿಸಿ ತೂಗುಹಾಕಿದ್ದಾನೆ. ಅವಧಿ ಮುಗಿದು ಹನ್ನೊಂದು ದಿನವಾಗಿತ್ತು. ಅವತ್ತೇ ಮಧ್ಯಾಹ್ನ ನವೀಕರಣಕ್ಕೆ ಓಡಿದ.

ವಲಯ ಕಚೇರಿಯಲ್ಲಿ ಅರ್ಧ ದಿನ ಹಿಡಿಯಿತು, ಏಪ್ರಿಲ್ ಅಲ್ಲವೇ, ಅಷ್ಟು ಸಾಲು. ಆಸ್ತಿ ಸಂಖ್ಯೆ ಹಾಕಿದ ತಕ್ಷಣ ಪರದೆ ಮೇಲೆ ಹಿಂದಿನದೆಲ್ಲ ಬಂತು. ಚಿಕ್ಕಪ್ಪ ಕಟ್ಟಿದ ಮೂರು ವರ್ಷವೂ ಇತ್ತು, ಹೆಸರಿನ ಜಾಗದಲ್ಲಿ ಅಪ್ಪನದೇ. ಗ್ಯಾರೇಜಿನ ವಿಷಯ ನಾನೇ ಹೇಳಿದಾಗ ಕೂತಿದ್ದವರು ಒಂದು ಕ್ಷಣ ಕನ್ನಡಕ ಮೇಲೆತ್ತಿ ನನ್ನ ಮುಖ ನೋಡಿದರು. ಘೋಷಣೆ ತಿದ್ದಿ ಬರೆದುಕೊಂಡರು. ಹಿಂದಿನ ವರ್ಷಗಳ ವ್ಯತ್ಯಾಸಕ್ಕೆ ಒಂದು ಅರ್ಜಿ ಕೊಟ್ಟು ಹೋಗಿ, ಲೆಕ್ಕ ಹಾಕಿ ತಿಳಿಸುತ್ತೇವೆ ಅಂದರು. ಹೋದ ವರ್ಷ ಎಲ್ಲ ಸೇರಿ 4,860 ಇದ್ದದ್ದು, ಈ ವರ್ಷ ರಿಯಾಯಿತಿ ಕಳೆದು 7,215. ಖಾತೆ ಅರ್ಜಿಯೂ ಕೊಟ್ಟಾಗಿದೆ, ಮೂವರ ಹೆಸರಿಗೆ.

ಚಿಕ್ಕಪ್ಪನ ಮೂರು ವರ್ಷದ್ದು ಒಟ್ಟು 13,920. ಪರದೆ ನೋಡಿಯೇ ಬರೆದುಕೊಂಡು ಬಂದಿದ್ದೆ. ಯುಗಾದಿ ಬೇವುಬೆಲ್ಲ ಕೊಡುವ ನೆವದಲ್ಲಿ ಹೋಗಬೇಕಿತ್ತು, ಸೂತಕದ ವರ್ಷ ಅಂತ ಅಮ್ಮ ಬೇಡ ಅಂದರು. ಕೊನೆಗೆ ನಿನ್ನೆ ಫೋನಿನಲ್ಲೇ ಕಳಿಸಿದೆ. ಜೊತೆಗೆ ಎರಡು ಸಾಲು: "ಚಿಕ್ಕಪ್ಪ, ಅಪ್ಪನಿಗೆ ಆಗದಿದ್ದಾಗ ನೀವು ಕಟ್ಟಿದಿರಿ, ಅದನ್ನು ಮರೆಯುವುದಿಲ್ಲ. ಖಾತೆಗೆ ಅರ್ಜಿ ಕೊಟ್ಟಿದ್ದೇವೆ, ನಿಮಗೂ ತಿಳಿಸಬೇಕು ಅನ್ನಿಸಿತು." ಕಳಿಸಿ ಫೋನು ಮಗುಚಿ ಇಟ್ಟೆ. ಅಮ್ಮ ಜಪ ಮಾಡುತ್ತಾ ಕೂತರು.

ಹತ್ತೇ ನಿಮಿಷಕ್ಕೆ ಫೋನ್ ಬಂತು. ಮೊದಲು ಸುಮಾರು ಹೊತ್ತು ಏನೂ ಇಲ್ಲ, ಬರೀ ಕೆಮ್ಮು. ಆಮೇಲೆ, "ದುಡ್ಡು ಯಾಕಮ್ಮ ಕಳಿಸಿದೆ, ನಾನು ಹಾಗೆ ಕೇಳಿದ್ನಾ" ಅಂದರು. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು, ಗಂಟಲು ಸರಿ ಮಾಡಿಕೊಂಡು:

"ಹೋಗಿ ಬರೋ ಆಟೋ ಚಾರ್ಜು ಬಿಟ್ಟು ಹೋಗಿದೆ ನೋಡು."